ಬೀಗ ಗಟ್ಟಿಯಿದ್ದರೆ ಸಾಲದು: ಮೆಸೇಜ್ ಗುಟ್ಟಾಗಿಡುವುದನ್ನು ಬುಡದಿಂದ ಕಲಿಯೋಣ

ಇ-ಆಧಾರ್ ಪಿಡಿಎಫ್ ಡೌನ್‌ಲೋಡ್ ಮಾಡಿದವರಿಗೆಲ್ಲ ಅದರ ಪಾಸ್‌ವರ್ಡ್ ಗೊತ್ತು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಕ್ಯಾಪಿಟಲ್‌ನಲ್ಲಿ, ಅದರ ಪಕ್ಕ ಹುಟ್ಟಿದ ಇಸವಿ. ನಿಮ್ಮ ಹೆಸರು ಗೊತ್ತಿರುವವನು ಇಸವಿ ಒಂದನ್ನು ಊಹಿಸಿದರೆ ಸಾಕು. 100 ವರ್ಷ ಹಿಂದಕ್ಕೆ ಹೋದರೂ 100 ಸಲ ಒತ್ತಿ ನೋಡಬೇಕು, ಅಷ್ಟೇ. ಮುಖ ನೋಡಿದವನಿಗೆ ಹತ್ತಿಪ್ಪತ್ತು ಸಲಕ್ಕೇ ಸಿಕ್ಕಿಬಿಡುತ್ತದೆ. ಸಾಲದು ಅಂತ ಆ ಫೈಲನ್ನು ಝೆರಾಕ್ಸ್ ಅಂಗಡಿಗೆ ವಾಟ್ಸಾಪ್ ಮಾಡಿ, ಕೆಳಗೇ ಪಾಸ್‌ವರ್ಡ್ ಕೂಡ ಟೈಪ್ ಮಾಡುತ್ತೇವೆ.

ಓದಬಹುದಾದ ಮಾತನ್ನು ಕೀಲಿ ಇಲ್ಲದವರು ಓದಲಾಗದ ಹಾಗೆ ಬದಲಾಯಿಸುವ ವಿದ್ಯೆಯೇ ಕ್ರಿಪ್ಟೋಗ್ರಫಿ. ಇವತ್ತು ನಮ್ಮ ಫೋನಿನಲ್ಲಿರುವ ಬೀಗಗಳು ನಿಜಕ್ಕೂ ಗಟ್ಟಿ. ಕಳ್ಳರು ಅವನ್ನು ಮುರಿಯಲು ಹೋಗುವುದೇ ಇಲ್ಲ. ಕೀಲಿ ಎಲ್ಲಿದೆ ಅಂತ ಹುಡುಕುತ್ತಾರೆ. ಎಷ್ಟೋ ಸಲ ನಾವೇ ಎತ್ತಿ ಕೊಟ್ಟಿರುತ್ತೇವೆ. ಅದಕ್ಕೇ ಇಲ್ಲಿ ಮೊದಲು ಪೆನ್ನು, ಕಾಗದ ಹಿಡಿದು ಒಂದು ಗೂಢಲಿಪಿ ಮಾಡಿ, ಅದನ್ನು ನಾವೇ ಒಡೆಯೋಣ. ಆಮೇಲೆ ಫೋನ್ ಕೈಗೆತ್ತಿಕೊಳ್ಳೋಣ. ತೀರಾ ಅವಸರ ಇದ್ದರೆ ನೇರವಾಗಿ ನಾಲ್ಕನೇ ಹೆಜ್ಜೆಗೆ ಹೋಗಿ. ಮೊದಲ ಮೂರು ಓದಿದರೆ ಆ ಸೆಟ್ಟಿಂಗ್‌ಗಳೆಲ್ಲ ಯಾಕಿವೆ ಅನ್ನುವುದು ತಿಳಿಯುತ್ತದೆ.

ಹೆಜ್ಜೆ 1: ಯಾರಿಂದ ಮುಚ್ಚಿಡಬೇಕು?

ಒಂದು ಚೀಟಿ ತಗೊಂಡು ಎರಡು ಸಾಲು ಬರೆಯಿರಿ. ಏನನ್ನು ಮುಚ್ಚಿಡಬೇಕು, ಯಾರಿಂದ ಮುಚ್ಚಿಡಬೇಕು. ಬ್ಯಾಂಕ್ ವಿವರ ದೂರದ ಮೋಸಗಾರನಿಂದ. ಆಸ್ಪತ್ರೆಯ ರಿಪೋರ್ಟ್ ನೆಂಟರಿಂದ. ಆಫೀಸಿನ ಫೈಲು ಎದುರಾಳಿ ಕಂಪನಿಯಿಂದ. ಒಂದೊಂದಕ್ಕೂ ಬೇರೆ ಉಪಾಯ ಬೇಕು. ಫೋನ್ ಎತ್ತಿಕೊಂಡು ನೋಡುವ ತಮ್ಮನಿಂದ ಚಾಟ್ ಕಾಪಾಡಲು ಯಾವ ಗಣಿತವೂ ಬೇಡ, ಸ್ಕ್ರೀನ್ ಲಾಕ್ ಸಾಕು.

ಹೆಜ್ಜೆ 2: ಒಂದು ಗೂಢಲಿಪಿ ಮಾಡಿ, ಒಡೆಯಿರಿ

ಚಿಕ್ಕವರಿದ್ದಾಗ ಪ್ರತಿ ಅಕ್ಷರದ ಮುಂದೆ ‘ಕ’ ಸೇರಿಸಿ ಮಾತಾಡುವ ಆಟ ಆಡಿರುತ್ತೀರಿ. ಅದರ ಗುಟ್ಟೆಲ್ಲ ನಿಯಮದಲ್ಲಿದೆ. ನಿಯಮ ಗೊತ್ತಾದ ಕೂಡಲೇ ಆಟ ಮುಗಿಯಿತು. 1883ರಲ್ಲಿ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಭಾಷಾ ಪಂಡಿತ ಇದಕ್ಕೆ ಒಂದು ಅಳತೆಗೋಲು ಕೊಟ್ಟ. ವಿಧಾನ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು, ಕೀಲಿ ಒಂದು ಗುಟ್ಟಾಗಿದ್ದರೆ ಸಾಕಾಗಬೇಕು ಅಂತ. ಇಂದಿಗೂ ಒಳ್ಳೆಯ ವ್ಯವಸ್ಥೆಗಳೆಲ್ಲ ಇದೇ ನಿಯಮದ ಮೇಲೆ ನಿಂತಿವೆ. ‘ನಮ್ಮದು ಯಾರಿಗೂ ತಿಳಿಯದ ರಹಸ್ಯ ವಿಧಾನ’ ಅಂತ ಯಾವುದಾದರೂ ಆ್ಯಪ್ ಜಂಬ ಕೊಚ್ಚಿಕೊಂಡರೆ ಅದನ್ನು ಅಲ್ಲೇ ಬಿಟ್ಟುಬಿಡಿ.

ಈಗ ನಮ್ಮ ವರ್ಗೀಯ ವ್ಯಂಜನಗಳನ್ನು ಶಾಲೆಯಲ್ಲಿ ಬರೆದ ಹಾಗೆ ಬರೆಯಿರಿ:

ಕ ಖ ಗ ಘ ಙ
ಚ ಛ ಜ ಝ ಞ
ಟ ಠ ಡ ಢ ಣ
ತ ಥ ದ ಧ ನ
ಪ ಫ ಬ ಭ ಮ

ಪ್ರತಿ ಅಕ್ಷರದ ಬದಲು ಅದರ ಕೆಳಗಿನ ಅಕ್ಷರ ಬರೆಯಬೇಕು. ಕೊನೆಯ ಸಾಲಿನವು ಮೇಲಿನ ಸಾಲಿಗೆ ಹೋಗುತ್ತವೆ. ಸ್ವರ, ಕಾಗುಣಿತ, ಮತ್ತು ಯ ರ ಲ ವದಿಂದ ಮುಂದಿನವು ಇದ್ದ ಹಾಗೇ ಇರಲಿ. ‘ಎಷ್ಟು ಸಾಲು ಕೆಳಗೆ’ ಅನ್ನುವುದು ಕೀಲಿ. ಇಲ್ಲಿ ಅದು 1.

ನಮ್ಮ ಸಂದೇಶ: ಬೀಗದ ಕೈ ಪಕ್ಕದ ಮನೆಯಲ್ಲಿ ಇದೆ.
ಬದಲಾದ ಮೇಲೆ: ಗೀಜಬ ಚೈ ಕಚ್ಚಬ ಙಮೆಯಲ್ಲಿ ಇಬೆ.

ನೋಡಲು ಏನೋ ಭಾರಿ ರಹಸ್ಯದ ಹಾಗಿದೆ, ಅಲ್ವಾ? ಇನ್ನು ಕಳ್ಳನ ಕಣ್ಣಿನಿಂದ ನೋಡಿ. ಕನ್ನಡದ ಯಾವ ಮಾತು ಙದಿಂದ ಶುರುವಾಗುತ್ತದೆ? ಅಲ್ಲೇ ಅನುಮಾನ ಬಂತು. ಆ ಪದದ ಬಾಲದಲ್ಲಿ ‘ಯಲ್ಲಿ’ ಹಾಗೇ ಉಳಿದಿದೆ, ಅಂದರೆ ಅದು ಯಾವುದೋ ಜಾಗ. ಕೊನೆಯ ಪದ ‘ಇಬೆ’. ಕನ್ನಡದ ವಾಕ್ಯದ ಕೊನೆಯಲ್ಲಿ ಸಾಮಾನ್ಯವಾಗಿ ಕ್ರಿಯಾಪದ ಬರುತ್ತದೆ. ಇ-ಯಿಂದ ಶುರುವಾಗಿ ಎ-ಕಾರದಲ್ಲಿ ಮುಗಿಯುವ ಎರಡಕ್ಷರದ ಕ್ರಿಯಾಪದ ಅಂದರೆ ‘ಇದೆ’. ಹಾಗಾದರೆ ದ ಹೋಗಿ ಬ ಆಗಿದೆ. ಒಂದು ಸಾಲು ಕೆಳಗೆ. ಕೀಲಿ ಸಿಕ್ಕಿತು! ಉಳಿದದ್ದೆಲ್ಲ ಅರ್ಧ ನಿಮಿಷದ ಕೆಲಸ. ಇಷ್ಟು ತಲೆ ಓಡಿಸುವುದೂ ಬೇಡ ಅನ್ನಿ. ಇರುವುದೇ ನಾಲ್ಕು ಕೀಲಿ, ಒಂದೊಂದಾಗಿ ಹಾಕಿ ನೋಡಿದರೂ ಆದೀತು.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಗೂಢಲಿಪಿ ಒಡೆಯುವ ಕೇಂದ್ರವಾದ ಬ್ಲೆಚ್ಲೀ ಪಾರ್ಕ್‌ನವರು ಜರ್ಮನರ ಎನಿಗ್ಮಾ ಯಂತ್ರದ ಸಂದೇಶ ಒಡೆಯುವಾಗಲೂ ಇಂಥ ಊಹೆಯಿಂದಲೇ ಶುರು ಮಾಡುತ್ತಿದ್ದರು. ಹವಾಮಾನ ವರದಿ ಅಂದ ಮೇಲೆ ಅದರಲ್ಲಿ ‘ಹವಾಮಾನ’ ಅನ್ನುವ ಜರ್ಮನ್ ಪದ ಎಲ್ಲೋ ಇರಲೇಬೇಕಲ್ಲ.

‘ಸಾಲು ಜರುಗಿಸೋದು ಬೇಡ, 34 ವ್ಯಂಜನಗಳನ್ನೂ ಮನಸ್ಸಿಗೆ ಬಂದ ಹಾಗೆ ಅದಲುಬದಲು ಮಾಡೋಣ’ ಅನ್ನಬಹುದು. ಲೆಕ್ಕ ಹಾಕಿ ನೋಡಿ, ಮಜಾ ಇದೆ. 34 ಅಕ್ಷರಗಳನ್ನು ಜೋಡಿಸುವ ಬಗೆಗಳ ಸಂಖ್ಯೆಗೆ 39 ಅಂಕಿಗಳು. ಇವತ್ತು ಬ್ಯಾಂಕುಗಳೂ ಬಳಸುವ ಎಇಎಸ್ ವಿಧಾನದ 128 ಬಿಟ್ (ಅಂದರೆ 128 ಸೊನ್ನೆ-ಒಂದುಗಳ) ಕೀಲಿಗಳ ಸಂಖ್ಯೆಗೂ 39 ಅಂಕಿಗಳೇ. ಆದರೂ ಮೊದಲನೆಯದನ್ನು ಒಂದು ಪುಟದಷ್ಟು ಬರಹ ಸಿಕ್ಕರೆ ಸಂಜೆಯೊಳಗೆ ಪೆನ್ನಿನಲ್ಲೇ ಒಡೆಯಬಹುದು. ಎರಡನೆಯದನ್ನು ಕಂಪ್ಯೂಟರುಗಳೆಲ್ಲ ಸೇರಿದರೂ ಒಡೆಯಲಾರವು.

ಯಾಕೆ? 9ನೇ ಶತಮಾನದಲ್ಲೇ ಬಾಗ್ದಾದಿನ ಪಂಡಿತ ಅಲ್-ಕಿಂದಿ ಇದಕ್ಕೆ ಉತ್ತರ ಬರೆದಿಟ್ಟಿದ್ದಾನೆ. ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಣಿಸಿ ಅಂದ. ಕನ್ನಡದಲ್ಲಿ ದ, ರ, ನ, ಲ ಮೇಲಿಂದ ಮೇಲೆ ಬರುತ್ತವೆ. ಝ, ಢ ಅಪರೂಪ. ಅಕ್ಷರದ ವೇಷ ಬದಲಾದರೂ ಎಣಿಕೆ ಬದಲಾಗುವುದಿಲ್ಲ. ಒತ್ತಕ್ಷರ ಒತ್ತಾಗಿಯೇ ಉಳಿಯುತ್ತದೆ, ‘ಗಳು’, ‘ಲ್ಲಿ’ ತರಹದ ಬಾಲಗಳು ಪದಪದಕ್ಕೂ ಇಣುಕುತ್ತವೆ. ಎಇಎಸ್ ಈ ಗುರುತುಗಳನ್ನೆಲ್ಲ ಅಳಿಸುತ್ತದೆ. 16 ಬೈಟ್‌ಗಳ ಒಂದೊಂದು ತುಂಡನ್ನು 10 ಸುತ್ತು ಕಲಸುತ್ತದೆ. ಒಂದೇ ಒಂದು ಅಕ್ಷರ ಬದಲಾದರೂ ಇಡೀ ತುಂಡು ಗುರುತು ಸಿಗದಂತೆ ಬದಲಾಗುತ್ತದೆ. ಬೆಲ್ಜಿಯಂನ ಇಬ್ಬರು, ಯೋವಾನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್, ಇದನ್ನು ಮಾಡಿದವರು. 2001ರಲ್ಲಿ ಅಮೆರಿಕ ಇದನ್ನು ತನ್ನ ಮಾನದಂಡ ಮಾಡಿಕೊಂಡಿತು. ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಯಾರು ಬೇಕಾದರೂ ಓದಬಹುದು.

ಇಷ್ಟರಿಂದ ಕಲಿಯಬೇಕಾದ್ದು: ಸ್ವಂತ ಗೂಢಲಿಪಿ ಆಟಕ್ಕೆ ಚೆಂದ, ಕೆಲಸಕ್ಕೆ ಬೇಡ.

ಹೆಜ್ಜೆ 3: ಎಲ್ಲರೆದುರೇ ಕೀಲಿ ಹಂಚಿಕೊಳ್ಳುವ ಲೆಕ್ಕ

ಗಟ್ಟಿ ಬೀಗ ಸಿಕ್ಕಿತು. ಆದರೆ ಕೀಲಿಯನ್ನು ಆ ಕಡೆಯವರಿಗೆ ಮುಟ್ಟಿಸುವುದು ಹೇಗೆ? ಅಕ್ಕ ಶಿವಮೊಗ್ಗದಲ್ಲಿ, ತಂಗಿ ಮಸ್ಕತ್‌ನಲ್ಲಿ. ಫೋನಿನಲ್ಲಿ ಹೇಳಿದರೆ ಕದ್ದು ಕೇಳುವವನಿಗೂ ಸಿಗುತ್ತದೆ. ಸಾವಿರಾರು ವರ್ಷ ಇದಕ್ಕೆ ಪರಿಹಾರ ಇರಲಿಲ್ಲ. ದೂತರೇ ಕೀಲಿ ಹೊತ್ತು ಓಡಾಡಬೇಕಿತ್ತು. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಎಂಬ ಇಬ್ಬರು ಅಮೆರಿಕನ್ನರು ಒಂದು ದಾರಿ ತೋರಿಸಿದರು. ಬ್ರಿಟನ್ನಿನ ಗುಪ್ತಚರ ಸಂಸ್ಥೆಯೊಳಗೆ ಕೆಲವರು ಇದನ್ನು ಇನ್ನೂ ಮೊದಲೇ ಕಂಡುಹಿಡಿದಿದ್ದರು. ಆದರೆ ಆ ಸಂಗತಿ ಹೊರಬಿದ್ದದ್ದು 1997ರಲ್ಲಿ. ಗುಟ್ಟಿನ ವಿದ್ಯೆ ನೋಡಿ, ಕಂಡುಹಿಡಿದದ್ದೇ ಗುಟ್ಟಾಗಿ ಉಳಿದಿತ್ತು.

ಫೋನಿನ ಕ್ಯಾಲ್ಕುಲೇಟರ್ ತೆಗೆಯಿರಿ, ಮಾಡಿಯೇ ನೋಡೋಣ.

ಅಕ್ಕ-ತಂಗಿ ಇಬ್ಬರೂ ಎಲ್ಲರಿಗೂ ಕೇಳುವಂತೆ ಎರಡು ಸಂಖ್ಯೆ ಒಪ್ಪಿಕೊಳ್ಳುತ್ತಾರೆ: 17 ಮತ್ತು 3.

ಅಕ್ಕ ಮನಸ್ಸಿನಲ್ಲಿ 7 ಇಟ್ಟುಕೊಳ್ಳುತ್ತಾಳೆ. ಏಳು 3ಗಳನ್ನು ಗುಣಿಸಿದರೆ 2,187. ಅದನ್ನು 17ರಿಂದ ಭಾಗಿಸಿದರೆ ಶೇಷ 11. ‘11’ ಅಂತ ತಂಗಿಗೆ ಕೂಗಿ ಹೇಳುತ್ತಾಳೆ.

ತಂಗಿ ಮನಸ್ಸಿನಲ್ಲಿ 6 ಇಟ್ಟುಕೊಳ್ಳುತ್ತಾಳೆ. ಆರು 3ಗಳನ್ನು ಗುಣಿಸಿದರೆ 729. 17ರಿಂದ ಭಾಗಿಸಿದರೆ ಶೇಷ 15. ‘15, ಅಕ್ಕಾ’ ಅನ್ನುತ್ತಾಳೆ.

ಈಗ ಅಕ್ಕ ತಂಗಿ ಹೇಳಿದ 15ನ್ನು ಏಳು ಸಲ ಇಟ್ಟು ಗುಣಿಸುತ್ತಾಳೆ: 17,08,59,375. ಇದನ್ನು 17ರಿಂದ ಭಾಗಿಸಿದರೆ ಶೇಷ 8. ತಂಗಿ ಅಕ್ಕ ಹೇಳಿದ 11ನ್ನು ಆರು ಸಲ ಇಟ್ಟು ಗುಣಿಸುತ್ತಾಳೆ: 17,71,561. ಶೇಷ ಅದೇ 8!

ಇಬ್ಬರ ಕೈಯಲ್ಲೂ 8 ಇದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕದ್ದು ಕೇಳಿದವನಿಗೆ ಸಿಕ್ಕಿದ್ದು 17, 3, 11, 15 ಮಾತ್ರ. ಸಂಖ್ಯೆ ಇಷ್ಟು ಚಿಕ್ಕದಿದ್ದರೆ ಅವನು ಒಂದೊಂದಾಗಿ ಹಾಕಿ ನೋಡಿ 7 ಅನ್ನುವುದನ್ನು ಹಿಡಿದುಬಿಡುತ್ತಾನೆ. 17ರ ಜಾಗದಲ್ಲಿ 600 ಅಂಕಿಯ ಅವಿಭಾಜ್ಯ ಸಂಖ್ಯೆ ಇಟ್ಟರೆ ಆ ಆಟ ನಡೆಯುವುದಿಲ್ಲ. ಮುಂದಕ್ಕೆ ಗುಣಿಸಿ ಶೇಷ ತೆಗೆಯುವುದು ಕಂಪ್ಯೂಟರಿಗೆ ಚಿಟಿಕೆ ಹೊಡೆದಷ್ಟು ಸುಲಭ. ಶೇಷದಿಂದ ಹಿಂದಕ್ಕೆ ಬರಲು ದಾರಿ ಸಿಗುವುದಿಲ್ಲ.

ವಾಟ್ಸಾಪ್, ಅದೇ ತರಹದ ಸಿಗ್ನಲ್ ಆ್ಯಪ್ ಎರಡೂ ಇದೇ ಯೋಚನೆಯ ಬೇರೊಂದು ರೂಪ ಬಳಸುತ್ತವೆ, ಮತ್ತು ಕೀಲಿಯನ್ನು ಮೆಸೇಜಿನಿಂದ ಮೆಸೇಜಿಗೆ ಬದಲಾಯಿಸುತ್ತಾ ಹೋಗುತ್ತವೆ. ಬೇರೆಯೇ ಬಗೆಯಲ್ಲಿ ಲೆಕ್ಕ ಮಾಡುವ ಕ್ವಾಂಟಂ ಕಂಪ್ಯೂಟರ್ ದೊಡ್ಡದಾಗಿ ಬಂದರೆ ಈ ಲೆಕ್ಕ ಹಿಂದಕ್ಕೂ ಬಿಡಿಸಲು ಆಗುತ್ತದೆ. ಅದಕ್ಕೆ ಸಿಗ್ನಲ್ 2023ರಲ್ಲೇ ಹೊಸ ರಕ್ಷಣೆ ಸೇರಿಸಿತು. ನೀವು ಮಾಡಬೇಕಾದ್ದು ಆ್ಯಪ್ ಅಪ್‌ಡೇಟ್ ಮಾಡುವುದಷ್ಟೇ.

ಹೆಜ್ಜೆ 4: ಆ ಕಡೆ ಇರುವುದು ಅವರೇನಾ?

ಮೇಲಿನ ಲೆಕ್ಕದಲ್ಲಿ ಒಂದು ಕಿಂಡಿ ಇದೆ. ನಡುವೆ ಕೂತವನು ಅಕ್ಕನ ಜೊತೆ ತಂಗಿಯ ಹಾಗೆ, ತಂಗಿಯ ಜೊತೆ ಅಕ್ಕನ ಹಾಗೆ ಲೆಕ್ಕ ಮಾಡಿದರೆ? ಇಬ್ಬರ ಮಾತನ್ನೂ ಬಿಡಿಸಿ, ಓದಿ, ಬೇಕಿದ್ದರೆ ತಿದ್ದಿ ಮುಂದೆ ಕಳಿಸುತ್ತಾನೆ.

1586ರಲ್ಲಿ ಹೀಗೇ ಆಯಿತು. ಸ್ಕಾಟ್ಲೆಂಡಿನ ರಾಣಿ ಮೇರಿ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದಳು. ಗೂಢಲಿಪಿಯಲ್ಲಿ ಪತ್ರ ಬರೆದು ಬಿಯರ್ ಪೀಪಾಯಿಯಲ್ಲಿ ಅಡಗಿಸಿ ಕಳಿಸುತ್ತಿದ್ದಳು. ಲಿಪಿಯ ಮೇಲೆ ಎಷ್ಟು ನಂಬಿಕೆ ಅಂದರೆ, ಎಲಿಜಬೆತ್ ರಾಣಿಯನ್ನು ಕೊಲ್ಲುವ ಸಂಚಿಗೂ ಅದರಲ್ಲೇ ಒಪ್ಪಿಗೆ ಬರೆದಳು. ಪತ್ರ ಸಾಗಿಸುತ್ತಿದ್ದವನೇ ಎರಡೂ ಕಡೆಯವನಾಗಿದ್ದ. ಪ್ರತಿ ಪತ್ರವೂ ಎಲಿಜಬೆತ್ ಕಡೆಯ ಥಾಮಸ್ ಫೆಲಿಪ್ಸ್ ಎಂಬ ಲಿಪಿಭೇದಕನ ಮೇಜಿಗೆ ಹೋಗಿ ಮುಂದೆ ಹೋಗುತ್ತಿತ್ತು. ಅವನು ಓದಿ ಸುಮ್ಮನಾಗಲಿಲ್ಲ. ಮೇರಿಯ ಪತ್ರದ ಕೊನೆಗೆ ಅದೇ ಲಿಪಿಯಲ್ಲಿ ಒಂದು ಸಾಲು ತಾನೇ ಸೇರಿಸಿ, ಸಂಚಿನಲ್ಲಿರುವವರ ಹೆಸರು ಕೇಳಿದ. 1587ರಲ್ಲಿ ಮೇರಿಯ ತಲೆ ಹೋಯಿತು. ಸೋತ ಗೂಢಲಿಪಿ ಲಿಪಿಯೇ ಇಲ್ಲದ್ದಕ್ಕಿಂತ ಅಪಾಯ. ಇಲ್ಲದಿದ್ದರೆ ಅವಳು ಅಷ್ಟು ಬಿಚ್ಚಿ ಬರೆಯುತ್ತಲೇ ಇರಲಿಲ್ಲ.

ಈ ನಡುವಿನವನನ್ನು ಹಿಡಿಯಲು ವಾಟ್ಸಾಪ್‌ನಲ್ಲಿ 60 ಅಂಕಿಯ ಒಂದು ಕೋಡ್ ಇದೆ. ಚಾಟ್ ತೆರೆದು ಮೇಲಿನ ಹೆಸರು ಒತ್ತಿ, ‘ಎನ್‌ಕ್ರಿಪ್ಶನ್’ ಅಂತ ಇರುವಲ್ಲಿ ಒತ್ತಿ. ಎದುರಿಗೇ ಕೂತಿದ್ದರೆ ಒಬ್ಬರು ಇನ್ನೊಬ್ಬರ ಕ್ಯೂಆರ್ ಸ್ಕ್ಯಾನ್ ಮಾಡಿ. ದೂರ ಇದ್ದರೆ ಮಾಮೂಲಿ ಕರೆ ಮಾಡಿ ಅಂಕಿಗಳನ್ನು ಓದಿ ಹೋಲಿಸಿ. ಅದೇ ಚಾಟ್‌ನಲ್ಲಿ ಟೈಪ್ ಮಾಡಿ ಕಳಿಸಿದರೆ ಉಪಯೋಗ ಇಲ್ಲ, ನಡುವಿನವನು ಅದನ್ನೂ ತಿದ್ದಬಲ್ಲ. ಸಿಗ್ನಲ್‌ನಲ್ಲೂ ಇಂಥದ್ದೇ ಇದೆ.

ಎಲ್ಲರ ಜೊತೆ ಇದನ್ನು ಮಾಡುತ್ತಾ ಕೂರಬೇಡಿ. ದುಡ್ಡು, ಕೋರ್ಟು, ಆರೋಗ್ಯದ ಮಾತಾಡುವ ನಾಲ್ಕೈದು ಜನರ ಜೊತೆ ಮಾಡಿದರೆ ಸಾಕು. ಜೊತೆಗೆ ಅಕೌಂಟ್ ಸೆಟ್ಟಿಂಗ್‌ನಲ್ಲಿ ಸೆಕ್ಯೂರಿಟಿ ನೋಟಿಫಿಕೇಶನ್ ಆನ್ ಮಾಡಿ. ಆ ಕಡೆಯವರ ಕೋಡ್ ಬದಲಾದರೆ ಚಾಟ್‌ನಲ್ಲೇ ಒಂದು ಸಾಲು ಬರುತ್ತದೆ. ಹೆಚ್ಚಿನ ಸಲ ಅವರು ಹೊಸ ಫೋನ್ ತಗೊಂಡಿರುತ್ತಾರೆ, ಗಾಬರಿ ಬೇಡ. ಆದರೆ ಕೋಡ್ ಬದಲಾದ ಮರುಗಳಿಗೆಯೇ ‘ಅರ್ಜೆಂಟಾಗಿ 20,000 ಹಾಕು’ ಅಂತ ಬಂದರೆ ಕರೆ ಮಾಡಿ ದನಿ ಕೇಳಿ. ಈಗ ದನಿಯನ್ನೂ ನಕಲು ಮಾಡುತ್ತಾರೆ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಹಾಕಿಬಿಡಿ.

ಹೆಜ್ಜೆ 5: ಯಾವ ಆ್ಯಪ್‌ನಲ್ಲಿ ಯಾವ ಮಾತು

ಮಾಮೂಲಿ ಎಸ್‌ಎಂಎಸ್‌ಗೆ ಈ ರಕ್ಷಣೆ ಇಲ್ಲ. ವಾಟ್ಸಾಪ್ 2016ರ ಏಪ್ರಿಲ್‌ನಿಂದ ಎಲ್ಲ ಖಾಸಗಿ ಚಾಟ್‌ಗಳಿಗೂ ಎಂಡ್-ಟು-ಎಂಡ್ ಬೀಗ ಹಾಕಿದೆ, ಅಂದರೆ ಕಳಿಸಿದವರು, ಪಡೆದವರು ಬಿಟ್ಟರೆ ನಡುವೆ ಇರುವ ಕಂಪನಿಗೂ ಓದಲು ಬರುವುದಿಲ್ಲ. ಅದಕ್ಕೆ ಬಳಸುವುದು ಸಿಗ್ನಲ್‌ನವರ ವಿಧಾನವನ್ನೇ. ಟೆಲಿಗ್ರಾಂ ವಿಷಯದಲ್ಲಿ ತುಂಬಾ ಜನ ತಪ್ಪು ತಿಳಿದಿದ್ದಾರೆ. ಅಲ್ಲಿ ಮಾಮೂಲಿ ಚಾಟ್, ಗ್ರೂಪ್ ಯಾವುದಕ್ಕೂ ಎಂಡ್-ಟು-ಎಂಡ್ ಇಲ್ಲ. ‘ಸೀಕ್ರೆಟ್ ಚಾಟ್’ ಅಂತ ಬೇರೆಯಾಗಿ ಶುರು ಮಾಡಿದರೆ ಮಾತ್ರ ಉಂಟು. ಜಿಮೇಲ್ ತರಹದ ಮೇಲ್ ದಾರಿಯಲ್ಲಿ ಸುರಕ್ಷಿತ, ಆದರೆ ಕಂಪನಿಯ ಸರ್ವರ್‌ಗೆ ಅದನ್ನು ಓದಲು ಬರುತ್ತದೆ. ಬ್ರೌಸರಿನ ಬೀಗದ ಗುರುತೂ ಅಷ್ಟೇ. ದಾರಿ ಭದ್ರ ಅನ್ನುತ್ತದೆಯೇ ಹೊರತು ಆ ಕಡೆ ಕೂತವನು ಸಾಚಾ ಅನ್ನುವುದಿಲ್ಲ. ಮೋಸದ ಸೈಟ್‌ಗೂ ಆ ಬೀಗ ಸಿಗುತ್ತದೆ.

ಒಂದು ಮಿತಿ ನೆನಪಿರಲಿ. ಮಾತು ಮುಚ್ಚಿದರೂ ಯಾರು ಯಾರಿಗೆ, ಯಾವಾಗ, ಎಷ್ಟು ಸಲ ಅನ್ನುವುದು ಪೂರ್ತಿ ಮುಚ್ಚುವುದಿಲ್ಲ. ಇದನ್ನು ಕಡಿಮೆ ಇಟ್ಟುಕೊಳ್ಳುವುದರಲ್ಲಿ ಸಿಗ್ನಲ್ ಮುಂದಿದೆ. ಇನ್ನು ಗ್ರೂಪಿನಲ್ಲಿ 200 ಜನ ಇದ್ದರೆ ಗುಟ್ಟಿನ ಮಾತೇ ಬೇಡ, ಸ್ಕ್ರೀನ್‌ಶಾಟ್‌ಗೆ ಯಾವ ಗಣಿತವೂ ಅಡ್ಡ ಬರುವುದಿಲ್ಲ.

ಹೆಜ್ಜೆ 6: ಹಿತ್ತಿಲ ಬಾಗಿಲು ಮುಚ್ಚಿ

ವಾಟ್ಸಾಪ್ ಬ್ಯಾಕಪ್ ಅನ್ನು ಬಹಳ ಜನ ಮರೆಯುತ್ತಾರೆ. ಚಾಟ್‌ಗೆ ಬೀಗ ಇದೆ. ಆದರೆ ನಿಮ್ಮ ಗೂಗಲ್ ಅಥವಾ ಐಕ್ಲೌಡ್ ಖಾತೆಯಲ್ಲಿ ಕೂತ ಪ್ರತಿಗೆ, ನೀವು ಹಾಕದ ಹೊರತು, ಆ ಬೀಗ ಇರುವುದಿಲ್ಲ. 2021ರಿಂದ ಇದಕ್ಕೂ ಬೀಗ ಹಾಕುವ ಸೌಲಭ್ಯ ಇದೆ. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ಅದರೊಳಗೆ ಎಂಡ್-ಟು-ಎಂಡ್ ಬ್ಯಾಕಪ್. ಪಾಸ್‌ವರ್ಡ್ ಇಡಬಹುದು, ಇಲ್ಲವೇ ಅದು ಕೊಡುವ 64 ಅಂಕಿ-ಅಕ್ಷರಗಳ ಕೀಲಿ ಬರೆದಿಟ್ಟುಕೊಳ್ಳಬಹುದು. ಮರೆತರೆ ಯಾರಿಂದಲೂ ತೆರೆಯಲು ಆಗದು, ಕಂಪನಿಯಿಂದಲೂ. ಹಾಗಾಗಿ ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಕಾಗದಕ್ಕೆ ಬೈಯುವವರು ಇದ್ದಾರೆ. ದೂರದ ಕಳ್ಳನಿಗೆ ನಿಮ್ಮ ಬೀರು ಸಿಗುವುದಿಲ್ಲ ಅನ್ನುವುದು ನನ್ನ ಲೆಕ್ಕ.

ಆಮೇಲೆ ಅಕೌಂಟ್ ಸೆಟ್ಟಿಂಗ್‌ನಲ್ಲಿ ಟು-ಸ್ಟೆಪ್ ವೆರಿಫಿಕೇಶನ್‌ಗೆ ಹೋಗಿ 6 ಅಂಕಿಯ ಪಿನ್ ಇಡಿ. ಹುಟ್ಟಿದ ದಿನಾಂಕ ಬೇಡ. ಎಟಿಎಂ ಪಿನ್‌ಗೆ ಎರಡು ಸೊನ್ನೆ ಸೇರಿಸುವುದೂ ಬೇಡ. ಲಿಂಕ್ಡ್ ಡಿವೈಸಸ್ ತೆರೆದು ನೋಡಿ. ಎಂದೋ ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಲು ಜೋಡಿಸಿದ ಕಂಪ್ಯೂಟರ್ ಇನ್ನೂ ಅಲ್ಲೇ ಇದ್ದರೆ ಲಾಗ್ ಔಟ್ ಮಾಡಿ. ಲಾಕ್ ಸ್ಕ್ರೀನಿನ ಮೇಲೆ ಮೆಸೇಜ್ ಕಾಣದಂತೆ ಮಾಡಿ. ಒಟಿಪಿ ಕೂಡ ಅಲ್ಲೇ ಕಾಣುತ್ತದಲ್ಲ.

ಹೆಜ್ಜೆ 7: ಊಹಿಸಲಾಗದ ಕೀಲಿ, ದಾಳದಿಂದ

ಮನಸ್ಸಿಗೆ ತೋಚಿದ ಪಾಸ್‌ವರ್ಡ್ ಇನ್ನೊಬ್ಬರ ಮನಸ್ಸಿಗೂ ತೋಚುತ್ತದೆ. ಮಗಳ ಹೆಸರು, ಊರ ದೇವರು, ಕೊನೆಗೆ 123. ಅದಕ್ಕೇ ಆಯ್ಕೆಯನ್ನು ದಾಳಕ್ಕೆ ಬಿಡಿ. ಚಿಕ್ಕ ಚಿಕ್ಕ ಕನ್ನಡ ಪದಗಳ ಪಟ್ಟಿ ಮಾಡಿ, ಒಟ್ಟು 216: ಮೊರ, ಸೌಟು, ಇರುವೆ, ಗರಗಸ, ಯಾವುದಾದರೂ ಸರಿ. ಮಕ್ಕಳನ್ನು ಕೂರಿಸಿಕೊಂಡರೆ ಒಂದು ಸಂಜೆಯ ಆಟ. ಪದಗಳಿಗೆ 111ರಿಂದ 666ರವರೆಗೆ ನಂಬರ್ ಕೊಡಿ, 1ರಿಂದ 6ರವರೆಗಿನ ಅಂಕಿ ಮಾತ್ರ ಬಳಸಿ. ಲೂಡೋ ದಾಳವನ್ನು ಮೂರು ಸಲ ಉರುಳಿಸಿದರೆ ಒಂದು ಪದ. 2-5-1 ಬಂದರೆ 251ನೇ ನಂಬರಿನ ಪದ. ಹೀಗೆ ಎಂಟು ಪದ ತೆಗೆಯಿರಿ.

ಗರಗಸ ಮಂಡಕ್ಕಿ ಇರುವೆ ತೊಟ್ಟಿಲು ಸೌಟು ಕೊಡೆ ಹುಣಸೆ ರೈಲು

ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು. (ಇದನ್ನೇ ಇಡಬೇಡಿ, ಇಲ್ಲಿ ಎಲ್ಲರೂ ಓದಿಯಾಯಿತು.) ಪದ ಇಷ್ಟ ಆಗಲಿಲ್ಲ ಅಂತ ಮತ್ತೆ ಉರುಳಿಸಬೇಡಿ, ಆಗ ಮತ್ತೆ ನಿಮ್ಮ ಮನಸ್ಸು ಒಳಗೆ ಬಂದ ಹಾಗೆ. ಒಟ್ಟು ಸಾಧ್ಯತೆಗಳ ಸಂಖ್ಯೆಗೆ 19 ಅಂಕಿ. ಪಟ್ಟಿ ಕಳ್ಳನಿಗೆ ಸಿಕ್ಕರೂ ಪರವಾಗಿಲ್ಲ, ಗುಟ್ಟಿರುವುದು ದಾಳ ಬಿದ್ದ ರೀತಿಯಲ್ಲಿ. ಇಂಥದ್ದು ಎರಡು ಸಾಕು: ಒಂದು ಪಾಸ್‌ವರ್ಡ್ ಮ್ಯಾನೇಜರ್‌ಗೆ, ಇನ್ನೊಂದು ಬ್ಯಾಕಪ್‌ಗೆ. ಉಳಿದ ಖಾತೆಗಳಿಗೆ ಬಿಟ್‌ವಾರ್ಡನ್ ಅಥವಾ ಕೀಪಾಸ್ ತರಹದ ಆ ಮ್ಯಾನೇಜರ್ ತಾನೇ ಪಾಸ್‌ವರ್ಡ್ ಹುಟ್ಟಿಸಿ ನೆನಪಿಟ್ಟುಕೊಳ್ಳುತ್ತದೆ.

ಹೆಜ್ಜೆ 8: ಕಾಗದಪತ್ರ ಕಳಿಸುವಾಗ

ಆಧಾರ್ ಕೊಡಲೇಬೇಕಿದ್ದರೆ ಮೊದಲ 8 ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಸಾಕೇ ಅಂತ ಕೇಳಿ. ಅದನ್ನೂ ಇ-ಆಧಾರ್ ಸಿಗುವಲ್ಲೇ ಡೌನ್‌ಲೋಡ್ ಮಾಡಬಹುದು. ಜಮೀನಿನ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ತರಹದ್ದನ್ನು ಕಂಪ್ಯೂಟರಿನಲ್ಲಿ 7-ಜಿಪ್ ಎಂಬ ಸಾಫ್ಟ್‌ವೇರ್‌ನಿಂದ ಗಂಟು ಕಟ್ಟಿ ಕಳಿಸಿ. ಅದು ಉಚಿತ. ಫೈಲ್ ಸೇರಿಸುವಾಗ ಪಾಸ್‌ವರ್ಡ್ ಹಾಕಿ, 7ಝಡ್ ಮಾದರಿ ಆರಿಸಿ, ‘ಫೈಲ್ ಹೆಸರುಗಳನ್ನೂ ಎನ್‌ಕ್ರಿಪ್ಟ್ ಮಾಡು’ ಅನ್ನುವುದಕ್ಕೆ ಟಿಕ್ ಮಾಡಿ. ಇಲ್ಲದಿದ್ದರೆ ಒಳಗೇನಿದೆ ಅನ್ನುವುದು ಹೆಸರಿನಿಂದಲೇ ಗೊತ್ತಾಗುತ್ತದೆ. ಫೈಲ್ ಮೇಲ್‌ನಲ್ಲಿ ಹೋದರೆ ಪಾಸ್‌ವರ್ಡ್ ಫೋನ್ ಕರೆಯಲ್ಲಿ ಹೋಗಲಿ. ಎರಡೂ ಒಂದೇ ದಾರಿಯಲ್ಲಿ ಬೇಡ.

ಖಾತೆ ಕೈತಪ್ಪಿದರೆ

ಯಾರೋ ಫೋನ್ ಮಾಡಿ, ಇಲ್ಲವೇ ಗೊತ್ತಿದ್ದವರ ನಂಬರಿನಿಂದಲೇ ಮೆಸೇಜ್ ಮಾಡಿ, ‘ತಪ್ಪಿ ನಿಮಗೆ 6 ಅಂಕಿಯ ಕೋಡ್ ಬಂದಿದೆ, ಸ್ವಲ್ಪ ಹೇಳಿ’ ಅನ್ನುತ್ತಾರೆ. ಅದು ನಿಮ್ಮ ವಾಟ್ಸಾಪ್ ತೆರೆಯುವ ಕೋಡ್. ಕೊಟ್ಟುಬಿಟ್ಟಿದ್ದರೆ ತಕ್ಷಣ ನಿಮ್ಮ ಫೋನಿನಲ್ಲಿ ಮತ್ತೆ ನಿಮ್ಮ ನಂಬರ್ ಹಾಕಿ, ಹೊಸ ಕೋಡ್ ತರಿಸಿಕೊಂಡು ಒಳಗೆ ಬನ್ನಿ. ಅವನು ತಾನಾಗಿ ಹೊರಬೀಳುತ್ತಾನೆ. ಆರನೇ ಹೆಜ್ಜೆಯ ಪಿನ್ ನೀವು ಇಟ್ಟಿರದಿದ್ದರೆ ಅವನೇ ಒಂದು ಪಿನ್ ಇಟ್ಟಿರಬಹುದು. ಆಗಲೂ ಕೋಡ್ ಹಾಕಿದ ಕೂಡಲೇ ಅವನು ಹೊರಗೆ. ಆದರೆ ಪಿನ್ ಇಲ್ಲದೆ ನೀವು ಒಳಗೆ ಬರಲು 7 ದಿನ ಕಾಯಬೇಕು.

ಆ ಹೊತ್ತಿಗೆ ಅವನು ನಿಮ್ಮ ಹೆಸರಿನಲ್ಲಿ ದುಡ್ಡು ಕೇಳಿರುತ್ತಾನೆ. ಮೊದಲು ಮಾಮೂಲಿ ಕರೆಯಲ್ಲಿ ಮನೆಯವರಿಗೆ, ಗ್ರೂಪಿನ ಅಡ್ಮಿನ್‌ಗಳಿಗೆ ತಿಳಿಸಿ. ಯಾರದಾದರೂ ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ಮೊದಲ ಒಂದೆರಡು ಗಂಟೆಯೊಳಗೆ ಹೇಳಿದರೆ ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲೇ ತಡೆಯುವ ಸಾಧ್ಯತೆ ಜಾಸ್ತಿ. ಕರೆ ಮಾಡುವಾಗ ಹಣ ಕಳಿಸಿದ ಸಮಯ ಮತ್ತು ಯುಪಿಐ ವಹಿವಾಟಿನ ನಂಬರ್ ಕೈಯಲ್ಲಿರಲಿ.